ಎರವಲು ಹರೆಯದ ಬೆಲೆ

ಮುಪ್ಪನ್ನು ರೋಗವೆಂದು ಕರೆದು, ಆ ರೋಗಕ್ಕೆ ಮದ್ದು ಮಾರುವವರ ಗದ್ದಲ ಈಚೆಗೆ ಹೆಚ್ಚಾಗಿದೆ. ದೇಹದ ಮುದಿ ಕೋಶಗಳನ್ನು ಮತ್ತೆ ಹರೆಯಕ್ಕೆ ತರುತ್ತೇವೆಂಬ ಜಾಹೀರಾತು ವಿಜ್ಞಾನದ ವೇಷ ತೊಟ್ಟು ಬರುತ್ತದೆ. ಓದು ಬರಹ ಬಲ್ಲವರೇ ಅದಕ್ಕೆ ಮೊದಲು ಮರುಳಾಗುತ್ತಾರೆ. ನಾನು ವೈದ್ಯನಲ್ಲ, ಕನ್ನಡದ ಮೇಷ್ಟ್ರು. ಆದರೆ ಮಾತಿನಲ್ಲಿ ಮೋಸ ನಡೆಯುವಾಗ ಮಾತಿನ ಮೇಷ್ಟರಿಗೂ ಒಂದು ಹೊಣೆಯುಂಟು.

ಮೋಸವಿರುವುದು ‘ಹರೆಯ’ ಎಂಬ ಮಾತಿನಲ್ಲಿ. ಹರೆಯವೆಂದರೆ ಬರಿಯ ಲಾಭ, ಮುಪ್ಪೆಂದರೆ ಬರಿಯ ನಷ್ಟ ಎಂದು ಈ ವ್ಯಾಪಾರಿಗಳು ಲೆಕ್ಕ ಬರೆದಿದ್ದಾರೆ. ದೇಹ ಬರೆದುಕೊಂಡಿರುವ ಲೆಕ್ಕವೇ ಬೇರೆ.

ರಕ್ತ, ಚರ್ಮ, ಕರುಳಿನ ಒಳಪೊರೆ, ಇವು ದಿನದಿನವೂ ಸವೆದು ದಿನದಿನವೂ ಹೊಸದಾಗುತ್ತವೆ. ಈ ಹೊಸತನ್ನು ಒದಗಿಸುವ ತಾಯಿಕೋಶಗಳನ್ನು ಕೆಲವರು ‘ಕಾಂಡಕೋಶ’ ಎನ್ನುತ್ತಾರೆ. ಇಂಗ್ಲಿಷಿನ ದಂಟನ್ನು ಕಿತ್ತು ಕನ್ನಡದಲ್ಲಿ ನೆಟ್ಟ ಆ ಮಾತಿಗಿಂತ ‘ಆಕರಕೋಶ’ ಎಂಬುದೇ ಮೇಲು. ರಕ್ತದ ಆಕರಕೋಶಗಳು ಮಜ್ಜೆಯಲ್ಲಿವೆಯೆಂಬುದಕ್ಕೆ ಕೆನಡದ ಟಿಲ್ ಮತ್ತು ಮೆಕಲಕ್ ೧೯೬೧ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಆಧಾರ ಒದಗಿಸಿದರು.

ಆಕರಕ್ಕೂ ವಯಸ್ಸಾಗುತ್ತದೆ. ಮಜ್ಜೆಯ ಒಂದೊಂದು ಆಕರಕೋಶವೂ ವರ್ಷಕ್ಕೆ ಸುಮಾರು ೧೭ ಅಕ್ಷರದೋಷಗಳನ್ನು ತನ್ನ ವಂಶಲಿಪಿಯಲ್ಲಿ ಸೇರಿಸಿಕೊಳ್ಳುತ್ತ ಹೋಗುತ್ತದೆಂದು ೨೦೨೨ರ ಸಂಶೋಧನೆಯೊಂದು ತಿಳಿಸಿತು. ಓಲೆಗರಿಯ ಲಿಪಿಕಾರನ ಕೈತಪ್ಪುಗಳಂತೆ ಇವುಗಳಲ್ಲಿ ಹೆಚ್ಚಿನವು ಅರ್ಥ ಕೆಡಿಸುವುದಿಲ್ಲ. ಆದರೆ ಡಿಎನ್‌ಎಂಟಿ೩ಎ, ಟೆಟ್೨ ಮುಂತಾದ ಜೀನುಗಳಲ್ಲಿ ಬಿದ್ದ ತಪ್ಪು ಆ ಕೋಶಕ್ಕೆ ಮೇಲುಗೈ ಕೊಡುತ್ತದೆ. ನೆರೆಯ ಕೋಶಗಳು ದಣಿದು ಹಿಂದೆ ಸರಿದಾಗ ಅದು ತನ್ನ ಸಂತತಿಯನ್ನು ಹಬ್ಬಿಸುತ್ತದೆ. ೬೫ರ ಒಳಗಿನವರಲ್ಲಿ ಕಡಮೆಯೆಂದರೂ ೨೦,೦೦೦ ಆಕರಕೋಶಗಳು ಸಮವಾಗಿ ಹಂಚಿಕೊಂಡು ರಕ್ತ ಮಾಡುತ್ತಿದ್ದುವು. ಅದೇ ಪರೀಕ್ಷೆಗೊಳಗಾದ ೭೫ ದಾಟಿದವರಲ್ಲಿ ರಕ್ತದ ನೂರಕ್ಕೆ ೩೦ರಿಂದ ೬೦ ಪಾಲು ೧೨ರಿಂದ ೧೮ ಸಂತತಿಗಳ ಕೈ ಸೇರಿತ್ತು! ಪ್ರಜಾರಾಜ್ಯ ಹೋಗಿ ಪಾಳೆಯಗಾರಿಕೆ ಬಂದಂತೆ.

ಇದೇ ಕ್ಯಾನ್ಸರ್ ಅಲ್ಲ. ಕ್ಯಾನ್ಸರಿಗೆ ಸಂಬಂಧಿಸಿದ ತಪ್ಪು ಹೊತ್ತ ಇಂಥ ಸಂತತಿ ೭೦ ದಾಟಿದವರಲ್ಲಿ ಸುಮಾರು ಹತ್ತಕ್ಕೊಬ್ಬರಲ್ಲಿ ಉಂಟೆಂದು ೨೦೧೪ರಲ್ಲಿ ಗೊತ್ತಾಯಿತು. ಅವರಲ್ಲಿ ರಕ್ತದ ಕ್ಯಾನ್ಸರಿಗೆ ತುತ್ತಾಗುವವರು ವರ್ಷಕ್ಕೆ ನೂರಕ್ಕೆ ಒಬ್ಬರೋ ಅದಕ್ಕೂ ಕಡಮೆಯೋ. ಆದರೂ ಆ ದಾರಿಯ ಮೊದಲ ಮೆಟ್ಟಿಲು ಇದು.

ಇನ್ನು ‘ಪಿ-೧೬’ ಎಂಬ ಕಾವಲುಗಾರನನ್ನು ನೋಡಿ. ವಯಸ್ಸಾದಂತೆ ಈ ಪ್ರೋಟೀನು ಹೆಚ್ಚಿ, ಕೋಶದ ವಿಭಜನೆಗೆ ಕಡಿವಾಣ ಹಾಕುತ್ತದೆ. ಅದಿಲ್ಲದ ಇಲಿಗಳಲ್ಲಿ ಆಕರಕೋಶಗಳು ಮುದಿತನದಲ್ಲೂ ಹುರುಪಾಗಿದ್ದುದನ್ನು ೨೦೦೬ರಲ್ಲಿ ಕಂಡರು. ವ್ಯಾಪಾರಿ ಇಷ್ಟನ್ನೇ ಕೇಳಿಸಿಕೊಂಡು ಕುಣಿಯುತ್ತಾನೆ. ಅದೇ ಕಾವಲು ತಪ್ಪಿದ ಇಲಿಗಳು ಕ್ಯಾನ್ಸರಿಗೆ ಸುಲಭವಾಗಿ ಈಡಾಗುತ್ತವೆಂದು ೨೦೦೧ರಲ್ಲಿಯೇ ತೋರಿಸಿದ್ದುದನ್ನು ಮಾತ್ರ ಅವನು ಹೇಳುವುದಿಲ್ಲ. ನಾವು ಮುಪ್ಪಿನ ನಿಶ್ಶಕ್ತಿ ಎಂದು ಹಳಿಯುವುದರಲ್ಲಿ ಒಂದು ಪಾಲು ದೇಹ ತನ್ನ ರಕ್ಷಣೆಗೆಂದು ತೆತ್ತ ಕಪ್ಪ. ತಪ್ಪುಗಳ ಹೊರೆ ಹೊತ್ತ ಮುದಿ ಕೋಶಕ್ಕೆ ಕಡಿವಾಣ ಬಿಚ್ಚಿ ‘ಓಡು’ ಎನ್ನುವುದು ಯಾವ ಜಾಣತನ?

‘ಹಾಗಾದರೆ ನೀವು ವಿಜ್ಞಾನದ ವಿರೋಧಿಗಳೋ?’ ಎಂದು ಕೇಳುವವರುಂಟು. ಅಲ್ಲ. ರಕ್ತದ ಕ್ಯಾನ್ಸರಿನಲ್ಲಿ ಮಜ್ಜೆಯ ಕಸಿ ಎಷ್ಟೋ ಜೀವಗಳನ್ನುಳಿಸಿದೆ. ಅದು ಆಕರಕೋಶದ ಚಿಕಿತ್ಸೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೧೭ರ ಮಾರ್ಗಸೂಚಿ ಅಂಥ ಅಂಗೀಕೃತ ಕಸಿಯನ್ನು ಬಿಟ್ಟು ಉಳಿದೆಲ್ಲ ಆಕರಕೋಶ ಪ್ರಯೋಗಗಳನ್ನು ಇನ್ನೂ ಸಂಶೋಧನೆಯ ಹಂತದವೆಂದೇ ಎಣಿಸಿತು. ಸಂಶೋಧನೆ ನಡೆಯಲಿ, ಮುಪ್ಪಿನ ಕಷ್ಟ ಕಡಮೆಯಾಗಲಿ. ಆದರೆ ಸಂಶೋಧನೆಯನ್ನು ಸಂತೆಗೆ ತಂದು, ನಿವೃತ್ತರ ಗಂಟು ಕರಗಿಸುವುದು ವಿಜ್ಞಾನವಲ್ಲ. ಹೊಗೆ ಸೇದುವವರಲ್ಲಿ ಈ ಕೆಟ್ಟ ಸಂತತಿಗಳು ಹೆಚ್ಚೆಂದು ಅದೇ ವಿಜ್ಞಾನ ಹೇಳುತ್ತದೆ. ಬೀಡಿ ಬಿಡಿ ಎಂದು ಹೇಳುವುದಕ್ಕೆ ಜಾಹೀರಾತುದಾರನಿಗೆ ಲಾಭವಿಲ್ಲ, ಆದ್ದರಿಂದ ಹೇಳುವುದಿಲ್ಲ.

ಯಯಾತಿಯ ಕಥೆ ಬಲ್ಲ ನಾಡು ನಮ್ಮದು. ಅವನ ಹರೆಯಕ್ಕೆ ಬೆಲೆ ತೆತ್ತವನು ಮಗ ಪುರು. ಇಂದಿನ ಎರವಲು ಹರೆಯಕ್ಕೆ ಬೆಲೆ ತೆರುವವರು ಯಾರು, ಎಷ್ಟು? ಮಾರುವವನು ಮೊದಲು ಅದನ್ನು ಹೇಳಲಿ. ಕೊಳ್ಳುವವರು ಆಮೇಲೆ ಕೈಚೀಲ ಬಿಚ್ಚಲಿ.