ಯುದ್ಧದ ಲೆಕ್ಕದಲ್ಲಿ ಶಾಲೆ ಎಲ್ಲಿದೆ?

2025ರ ಮೇ ತಿಂಗಳ ಆ ರಾತ್ರಿಗಳು ನೆನಪಿವೆಯಾ? ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಸೇನಾಪತಿಗಳೇ. 'ನುಗ್ಗಿ ಹೊಡೀಬೇಕು' ಅಂತ ಒಬ್ಬ, 'ಒಂದೇ ಸಲ ಮುಗಿಸಿಬಿಡ್ಲಿ' ಅಂತ ಇನ್ನೊಬ್ಬ. ಅದೇ ಹೊತ್ತಿಗೆ ಜಮ್ಮು-ಕಾಶ್ಮೀರ, ಪಂಜಾಬಿನ ಗಡಿ ಜಿಲ್ಲೆಗಳಲ್ಲಿ ಶಾಲೆಗಳಿಗೆ ಬೀಗ ಬಿದ್ದಿತ್ತು. ಪೂಂಛ್‌ನಲ್ಲಿ ಶೆಲ್ ಬಿದ್ದು ಮಕ್ಕಳು ಸತ್ತರು. ಗುಂಪಿನಲ್ಲಿ ಆ ಬಗ್ಗೆ ಒಂದೇ ಒಂದು ಮೆಸೇಜ್ ಇಲ್ಲ.

ದೂರದ ವಿಷಯ ಬಿಡಿ ಅಂತೀರಾ? ನಾನು ನೀಲಗುಂದದವನು. ನಮ್ಮ ಕಡೆಯಿಂದ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿನ ಚಳಗೇರಿಯ ನವೀನ್ ಪಿಯುಸಿಯಲ್ಲಿ 97 ಪರ್ಸೆಂಟ್ ತೆಗೆದರೂ ಇಲ್ಲಿ ಮೆಡಿಕಲ್ ಸೀಟು ಸಿಗಲಿಲ್ಲ ಅಂತ ಅವನ ತಂದೆಯೇ ಹೇಳಿದ್ದರು. ಉಕ್ರೇನಿಗೆ ಹೋದ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿ ತರಲು ಹೋದವನು ದಾಳಿಗೆ ಬಲಿಯಾದ. ಮನೆಯವರು ದೇಹವನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ಓದೋಕೆ ಸೀಟು ಕೊಡದ ನಾಡಿನ ಕಾಲೇಜಿಗೆ ಅವನು ಸೇರಿದ್ದು ಹಾಗೆ.

ಬದುಕಿ ಬಂದವರಿಗೆ ವಿಮಾನ ನಿಲ್ದಾಣದಲ್ಲಿ ಗುಲಾಬಿ ಸಿಕ್ಕಿತು. ಅದೇ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ, ಇವರನ್ನು ಇಲ್ಲಿನ ಕಾಲೇಜುಗಳಿಗೆ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೇಳಿತು. ಜೀವ ತರೋಕೆ ವಿಮಾನ ಇತ್ತು, ಓದು ಮುಂದುವರಿಸೋಕೆ ದಾರಿ ಇರಲಿಲ್ಲ.

ಇನ್ನು ಚಿಕ್ಕ ಮಕ್ಕಳು. ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದವರಿಗೆ ಶಿಕ್ಷಣ ಮೂಲಭೂತ ಹಕ್ಕು ಅನ್ನುತ್ತೆ. ಗುಂಡು ಹಾರಿದರೆ ಹಕ್ಕಿಗೆ ರಜೆ ಅಂತ ಅದರಲ್ಲಿ ಬರೆದಿಲ್ಲ. ಆದರೂ 2023ರಲ್ಲಿ ಮಣಿಪುರದ ಶಾಲೆಗಳು ಮುಚ್ಚಿದವು, ಕೆಲವು ನಿರಾಶ್ರಿತರ ಶಿಬಿರಗಳಾದವು. 'ಆನ್‌ಲೈನ್ ಕ್ಲಾಸ್ ಮಾಡ್ಲಿ' ಅನ್ನೋರೇ, ಅಲ್ಲಿ ತಿಂಗಳುಗಟ್ಟಲೆ ಇಂಟರ್ನೆಟ್ಟೇ ಇರಲಿಲ್ಲ. ಕೋವಿಡ್ ಕಾಲದಲ್ಲಿ ನೆಟ್‌ವರ್ಕ್ ಹುಡುಕಿ ಮಾಳಿಗೆ ಹತ್ತಿದ ನಮ್ಮೂರ ಮಕ್ಕಳು ಆಮೇಲೆ ಹೊಲದ ಕೂಲಿಗೆ ಇಳಿದಿದ್ದನ್ನ ನಾನು ನೋಡಿದೀನಿ.

ಗಡಿ ಕಾಯೋದು ಬೇಡ ಅಂತಲ್ಲ ನನ್ನ ವಾದ. ಸತ್ತವರ, ಉರುಳಿದ ಮನೆಗಳ ಲೆಕ್ಕದ ಜೊತೆ ಕಳೆದುಹೋದ ಶಾಲಾ ದಿನಗಳ ಲೆಕ್ಕವೂ ಬರಲಿ. ಅದನ್ನು ತುಂಬಿಕೊಡೋ ಹೊಣೆ ಸರ್ಕಾರ ಹೊರಲಿ. ಊರು ಬಿಟ್ಟು ಬಂದ ಮಗುವಿಗೆ ಟಿಸಿ ಇಲ್ಲ ಅಂತ ಯಾವ ಶಾಲೆಯೂ ಬಾಗಿಲು ಮುಚ್ಚದಿರಲಿ. ಶಿಕ್ಷಣ ಹಕ್ಕು ಕಾಯ್ದೆ ಹೇಳೋದೂ ಅದನ್ನೇ.

ಮುಂದಿನ ಸಲ 'ನುಗ್ಗಿ ಹೊಡೀರಿ' ಅಂತ ಟೈಪ್ ಮಾಡೋ ಮುಂಚೆ ಒಂದು ನಿಮಿಷ ಯೋಚಿಸಿ. ಬೆಳಿಗ್ಗೆ ನಿಮ್ಮ ಮಗುವಿನ ಸ್ಕೂಲ್ ವ್ಯಾನ್ ಹೊತ್ತಿಗೆ ಸರಿಯಾಗಿ ಬರುತ್ತಲ್ಲ, ನಿಮ್ಮ ಶೌರ್ಯವೆಲ್ಲ ಬಂದಿರೋದು ಅಲ್ಲಿಂದ.