ಕೋಡಿಯ ಮಾದರಿಗೆ ತೆತ್ತ ಹಣ ವೆಚ್ಚವೇ?

ಜಲಾಶಯದ ಕೆಳಭಾಗದಲ್ಲಿ ಗಿರಣಿ, ಗೋದಾಮುಗಳನ್ನು ಕಟ್ಟಿಕೊಂಡ ಉದ್ಯಮಿಯು ಬೆಂಕಿಗೆ, ಕಳವಿಗೆ ವಿಮೆ ಮಾಡಿಸುತ್ತಾನೆ. ಮೇಲಿರುವ ಅಣೆಕಟ್ಟಿನ ಕೋಡಿಯು ಎಷ್ಟು ಪ್ರವಾಹವನ್ನು ಸುರಕ್ಷಿತವಾಗಿ ದಾಟಿಸಬಲ್ಲದೆಂದು ಮಾತ್ರ ವಿಚಾರಿಸುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಈ ಪ್ರಶ್ನೆಯು ಗಂಗಾವತಿ, ಸಿಂಧನೂರುಗಳ ಅಕ್ಕಿ ಗಿರಣಿಗಳ ಬಾಗಿಲಿಗೇ ಬಂದು ನಿಂತಿತು. ಅಲ್ಲಿ ತುಂಡಾದದ್ದು ಗೇಟಿನ ಸರಪಳಿ. ಅದನ್ನು ಯಾವ ಮಾದರಿಯೂ ಮುಂಚಿತವಾಗಿ ಹೇಳಲಾರದು. ಆದರೆ ಕೋಡಿಯ ಮೇಲೆ ನೀರು ಹೇಗೆ ವರ್ತಿಸುತ್ತದೆಂಬುದು ಬೇರೆಯೇ ವಿಷಯ. ಅದನ್ನು ಕಾಂಕ್ರೀಟು ಹಾಕುವ ಮೊದಲೇ ಕಣ್ಣಾರೆ ಕಾಣುವ ಉಪಾಯವುಂಟು.

ಆ ಉಪಾಯವೇ ಕಿರುಪ್ರಮಾಣದ ಮಾದರಿ. 1:50ರ ಪ್ರಮಾಣದಲ್ಲಿ ಕೋಡಿಯನ್ನು ನಿರ್ಮಿಸಿದರೆ, ಒಂದು ಲಕ್ಷ ಕ್ಯೂಸೆಕ್ ಪ್ರವಾಹವನ್ನು ಆರು ಕ್ಯೂಸೆಕ್‌ಗೂ ಕಡಿಮೆ ನೀರಿನಿಂದ ತೋರಿಸಬಹುದು. ನದಿಯಲ್ಲಿ ಒಂದು ಗಂಟೆಯಲ್ಲಿ ನಡೆಯುವುದು ಮಾದರಿಯಲ್ಲಿ ಸುಮಾರು ಎಂಟೂವರೆ ನಿಮಿಷಗಳಲ್ಲಿ ಮುಗಿಯುತ್ತದೆ. ಕಂಬಗಳ ಬಳಿ ಸುಳಿಯೇಳುವುದು, ಪಕ್ಕದ ಗೋಡೆಯನ್ನು ನೀರು ದಾಟುವುದು, ಬುಡದಲ್ಲಿ ನದೀಪಾತ್ರವು ಕೊರೆಯುವುದು ಎಲ್ಲವೂ ಅಲ್ಲಿ ಗೋಚರಿಸುತ್ತವೆ. ತಪ್ಪು ಕಂಡರೆ ತಿದ್ದಲು ಬೇಕಾಗುವುದು ಅಲ್ಪ ಮೊತ್ತ.

ಅಮೆರಿಕದ ಕ್ಯಾಲಿಫೋರ್ನಿಯಾದ ಓರೊವಿಲ್ ಅಣೆಕಟ್ಟು ಇಲ್ಲಿ ಗಮನಾರ್ಹ. 2017ರ ಫೆಬ್ರವರಿಯಲ್ಲಿ ಅದರ ಮುಖ್ಯ ಕೋಡಿಯ ಕಾಂಕ್ರೀಟು ಹಾಸು ಕಿತ್ತುಹೋಯಿತು. ಅಲ್ಲಿ ಹರಿವನ್ನು ತಗ್ಗಿಸಿದಾಗ ಜಲಾಶಯ ತುಂಬಿ ತುರ್ತು ಕೋಡಿಯೂ ಹರಿಯಿತು. ಅದರ ಕೆಳಗಿನ ಗುಡ್ಡ ಕೊರೆಯತೊಡಗಿತು. ಸುಮಾರು 1,88,000 ಜನರು ಮನೆ ಬಿಡಬೇಕಾಯಿತು. ದುರಸ್ತಿ ಮತ್ತು ತುರ್ತು ಕಾರ್ಯಗಳ ಲೆಕ್ಕ ನೂರು ಕೋಟಿ ಡಾಲರುಗಳನ್ನು ಮೀರಿತು. ಹೊಸ ವಿನ್ಯಾಸವನ್ನು ಪರೀಕ್ಷಿಸಲು ಯೂಟಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ 1:50ರ ಮಾದರಿಯನ್ನು ಕಟ್ಟಲಾಯಿತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಓರೊವಿಲ್ ಕೋಡಿಗೆ 1960ರ ದಶಕದಲ್ಲಿಯೂ ಮಾದರಿ ಪರೀಕ್ಷೆ ನಡೆದಿತ್ತು. ಆದರೆ ಬಿರುಕುಗಳಿಂದ ಹಾಸಿನಡಿಗೆ ನುಗ್ಗಿದ ನೀರು, ಶಿಥಿಲವಾದ ತಳಬಂಡೆ ಇವು ಅಂತಹ ಮಾದರಿಯಲ್ಲಿ ಕಾಣುವಂಥವಲ್ಲ. ನೀರಿನೊಡನೆ ಬೆರೆಯುವ ಗಾಳಿಯ ಪ್ರಮಾಣವೂ ಕಿರುಮಾದರಿಯಲ್ಲಿ ಯಥಾವತ್ತಾಗಿ ಬಾರದು. ಮಾದರಿಯ ವರದಿಯೊಂದನ್ನು ಕಡತದಲ್ಲಿಟ್ಟು ಐವತ್ತು ವರ್ಷ ನಿಶ್ಚಿಂತೆಯಿಂದಿರುವುದು, ಒಮ್ಮೆ ಲೆಕ್ಕ ತಪಾಸಣೆ ಮಾಡಿಸಿ ಮುಂದೆಂದೂ ದಾಸ್ತಾನು ಎಣಿಸದಿರುವ ವರ್ತಕನ ರೀತಿಯೇ ಸರಿ.

ನಮ್ಮಲ್ಲಿ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು ನಿಗದಿತ ಅಣೆಕಟ್ಟುಗಳ ಸಮಗ್ರ ಮೌಲ್ಯಮಾಪನದಲ್ಲಿ ವಿನ್ಯಾಸ ಪ್ರವಾಹದ ಮರುಪರಿಶೀಲನೆಯನ್ನು ಕಡ್ಡಾಯಗೊಳಿಸಿದೆ. ಹಳೆಯ ಲೆಕ್ಕಕ್ಕಿಂತ ಹೆಚ್ಚಿನ ಪ್ರವಾಹ ಬರಬಹುದೆಂದು ಕಂಡಲ್ಲಿ, ಹಳೆಯ ಕೋಡಿಯನ್ನು ಹೊಸ ಅಂಕಿಗಳೊಡನೆ ಮಾದರಿಯಲ್ಲಿ ಪುನಃ ಪರೀಕ್ಷಿಸುವುದೇ ಯುಕ್ತ. ಗಣಕಯಂತ್ರದ ಲೆಕ್ಕಾಚಾರ ಅದಕ್ಕೆ ಪೂರಕವಾಗಲಿ, ಬದಲಿಯಾಗುವುದು ಬೇಡ. ಇದಕ್ಕೆ ದೂರ ಹೋಗಬೇಕಿಲ್ಲ: ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ 1916ರಲ್ಲಿ ಆರಂಭವಾದ ಕೇಂದ್ರ ಸಂಶೋಧನಾಲಯವಿದೆ, ಕೃಷ್ಣರಾಜಸಾಗರದಲ್ಲಿ ರಾಜ್ಯದ್ದೇ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ.

ಅಡ್ಡಿಯಿರುವುದು ಲೆಕ್ಕದ ಶೀರ್ಷಿಕೆಯಲ್ಲಿ. ಮಾದರಿ ಪರೀಕ್ಷೆಯನ್ನು 'ಅಧ್ಯಯನ ವೆಚ್ಚ'ವೆಂದು ಬರೆದರೆ, ಅನುದಾನ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಗೇಟು, ಕಾಂಕ್ರೀಟುಗಳಂತೆ ಅದನ್ನೂ ಕಾಮಗಾರಿಯ ಬಂಡವಾಳ ವೆಚ್ಚದಲ್ಲಿ ಸೇರಿಸಿದರೆ ಕೈಬಿಡುವುದು ಸುಲಭವಾಗದು. ಕೋಡಿಯ ಪುನರ್ನಿರ್ಮಾಣದ ಅಂದಾಜುಪಟ್ಟಿ ಸಿದ್ಧವಾಗುವಾಗ ಈ ಬಾಬತ್ತು ಅದರಲ್ಲಿದೆಯೇ ಎಂದು ಜಿಲ್ಲಾ ವಾಣಿಜ್ಯೋದ್ಯಮ ಸಂಸ್ಥೆಗಳು ಜಲಸಂಪನ್ಮೂಲ ಇಲಾಖೆಯನ್ನು ಲಿಖಿತವಾಗಿ ಕೇಳಬೇಕು. ಇಲ್ಲವೆಂದಾದರೆ ಕಾರಣವನ್ನೂ ಕೇಳಬೇಕು.