ಮೂರನೆಯವನಿಗೆ ಎಡೆಯಿಲ್ಲದ ವಾಹನ

ಹೆಲಿಕಾಪ್ಟರೆಂದರೆ ಜನರನ್ನು ಹೊತ್ತೊಯ್ಯುವ ವಾಹನವೆಂದೇ ಸಾಮಾನ್ಯರ ಭಾವನೆ. ನೆರೆಯ ನೀರಿನ ನಡುವೆ ಸಿಲುಕಿದವರನ್ನು ಮೇಲೆತ್ತುವ, ಗಾಯಗೊಂಡವರನ್ನು ಆಸ್ಪತ್ರೆಗೆ ಮುಟ್ಟಿಸುವ ಚಿತ್ರಗಳನ್ನು ಕಂಡು ಬೆಳೆದ ಭಾವನೆಯದು. ಬ್ರಿಟಿಷ್ ಭೂಸೈನ್ಯದ ಅಪಾಚೆ ಹೆಲಿಕಾಪ್ಟರು ಈ ಕುಲಕ್ಕೆ ಸೇರಿದುದಲ್ಲ. ಅದರಲ್ಲಿರುವ ಪೀಠಗಳು ಎರಡೇ. ಅವೂ ಮೆಟ್ಟಿಲಿನಂತೆ ಒಂದರ ಹಿಂದೊಂದು. ಮುಂದಿನ ತಗ್ಗಿನಲ್ಲಿ ಗುರಿಕಾರ, ಹಿಂದಿನ ಎತ್ತರದಲ್ಲಿ ಚಾಲಕ. ಮೂರನೆಯವನು ಮೊಣಕಾಲೂರಿ ಕೂಡುವಷ್ಟು ಎಡೆಯೂ ಒಳಗಿಲ್ಲ. ಮಿಕ್ಕುದೆಲ್ಲ ಯಂತ್ರ, ಇಂಧನ, ಆಯುಧ.

ಈ ಯಂತ್ರದ ಹುಟ್ಟು ಅಮೆರಿಕದಲ್ಲಿ. ಮೊದಲು ಆಕಾಶಕ್ಕೇರಿದ್ದು 1975ರಲ್ಲಿ. ಬ್ರಿಟನ್ನು ಅದನ್ನು ಆರಿಸಿಕೊಂಡದ್ದು 1995ರಲ್ಲಿ. ತರಿಸಿಕೊಂಡ 67 ಹೆಲಿಕಾಪ್ಟರುಗಳಲ್ಲಿ ಬಹುಪಾಲನ್ನು ಯೋವಿಲ್ ಪಟ್ಟಣದ ವೆಸ್ಟ್‌ಲ್ಯಾಂಡ್ ಕಾರ್ಖಾನೆಯಲ್ಲಿ ಜೋಡಿಸಲಾಯಿತು. ಯಂತ್ರಗಳೇನೋ ಬಂದುವು, ಅವನ್ನು ನಡೆಸಬಲ್ಲವರು ಸಿದ್ಧರಾಗಿರಲಿಲ್ಲ! ತರಬೇತಿ ಹಿಂದೆ ಬಿದ್ದುದರಿಂದ ಕೋಟ್ಯಂತರ ಬೆಲೆಯ ಹೆಲಿಕಾಪ್ಟರುಗಳು ಉಗ್ರಾಣ ಸೇರಬೇಕಾಯಿತೆಂದು 2002ರಲ್ಲಿ ಆ ದೇಶದ ಲೆಕ್ಕಪರಿಶೋಧಕರೇ ಆಕ್ಷೇಪಿಸಿದರು. ಈ ಮೊದಲ ಮಾದರಿಯ ಸೇವೆ 2024ರಲ್ಲಿ ಮುಗಿದು, ಅದರ ಸ್ಥಾನಕ್ಕೆ ಹೊಸ ಮಾದರಿಯ ಅಪಾಚೆಯೇ ಬಂದಿದೆ.

ತರಬೇತಿ ಕಠಿನವಾದುದಕ್ಕೆ ಕಾರಣವುಂಟು. ಚಾಲಕನ ಬಲಗಣ್ಣಿನ ಮುಂದೆ ಒಂದು ಚಿಕ್ಕ ಗಾಜಿನ ತುಣುಕು ನಿಂತಿರುತ್ತದೆ. ಹೆಲಿಕಾಪ್ಟರಿನ ಮೂಗಿನಲ್ಲಿರುವ, ಶಾಖವನ್ನೇ ಬೆಳಕಾಗಿ ಗ್ರಹಿಸುವ ಯಂತ್ರವು ಕಂಡದ್ದು ಆ ಗಾಜಿನಲ್ಲಿ ಮೂಡುತ್ತದೆ. ಎತ್ತರ, ವೇಗ, ದಿಕ್ಕುಗಳ ಅಂಕಿಗಳೂ ಅಲ್ಲಿಯೇ. ಎಡಗಣ್ಣಿಗೆ ಮಾತ್ರ ಹೊರಗಿನ ಕತ್ತಲೆ ಕತ್ತಲೆಯಾಗಿಯೇ ಕಾಣುತ್ತದೆ. ಒಂದು ಕಣ್ಣು ಒಂದು ಲೋಕವನ್ನೂ ಇನ್ನೊಂದು ಕಣ್ಣು ಮತ್ತೊಂದು ಲೋಕವನ್ನೂ ನೋಡುತ್ತಿರುವಾಗ ಮನಸ್ಸು ಎರಡನ್ನೂ ಕೂಡಿಸಿಕೊಳ್ಳಬೇಕು. ಇದನ್ನು ಕಲಿಯುವವರಿಗೆ ತಲೆನೋವು ಬರುವುದು ಆಶ್ಚರ್ಯವೇನಲ್ಲ. ಇದಕ್ಕಿಂತ ವಿಚಿತ್ರವಾದುದೆಂದರೆ, ಹೆಲಿಕಾಪ್ಟರಿನ ಕೆಳಗಿರುವ 30 ಮಿಲಿಮೀಟರಿನ ಫಿರಂಗಿಯು ಶಿರಸ್ತ್ರಾಣಕ್ಕೆ ಅಧೀನವಾಗಿದ್ದು, ತಲೆ ತಿರುಗಿದತ್ತ ತಾನೂ ತಿರುಗುತ್ತದೆ. ನಿಮಿಷಕ್ಕೆ 600ಕ್ಕೂ ಮಿಕ್ಕ ಗುಂಡುಗಳ ವೇಗ ಅದರದು. ಪುರಾಣದ ಹಣೆಗಣ್ಣು ಸುಟ್ಟದ್ದು ಒಬ್ಬ ಕಾಮನನ್ನು. ಆ ಮೇಲೆ ರತಿಯ ಮೊರೆಗೆ ಮರುಗುವ ಮನಸ್ಸೂ ಆ ಕಣ್ಣಿನವನಿಗಿತ್ತು. ಗಾಜಿನ ಕಣ್ಣಿಗೆ ಅಂಥ ಮರುಕವನ್ನು ಯಾವ ಕಾರ್ಖಾನೆಯೂ ಜೋಡಿಸಿಕೊಡಲಾರದು.

2006ರಲ್ಲಿ ಈ ಹೆಲಿಕಾಪ್ಟರುಗಳು ಆಫ್ಘಾನಿಸ್ತಾನದ ಹೆಲ್ಮಂಡ್ ಪ್ರಾಂತಕ್ಕೆ ಹೋದುವು. ಮರುವರ್ಷ ಜನವರಿ 15ರಂದು, ಗರ್ಮ್‌ಸೀರ್ ಬಳಿಯ ಜುಗ್ರೂಮ್ ಕೋಟೆಯೆಂದು ಅವರು ಕರೆಯುತ್ತಿದ್ದ ತಾಲಿಬಾನಿಗಳ ನೆಲೆಯ ಮೇಲೆ ರಾಯಲ್ ಮರೀನ್ ದಳದವರು ಹೆಲ್ಮಂಡ್ ನದಿಯನ್ನು ದಾಟಿ ಏರಿಹೋದರು. ಎದುರಾದ ಗುಂಡಿನ ಮಳೆಯಲ್ಲಿ ನಿಲ್ಲಲಾರದೆ, ಗಾಯಾಳುಗಳನ್ನು ಎತ್ತಿಕೊಂಡು ಹಿಂದಿರುಗಿದರು. ಈಚೆಯ ದಡದಲ್ಲಿ ತಲೆಯೆಣಿಸಿದಾಗ ಒಬ್ಬ ಕಡಿಮೆ. ಆತ ಕೋಟೆಯ ಗೋಡೆಯ ಬಳಿಯಲ್ಲಿಯೇ ಉಳಿದುಬಿಟ್ಟಿದ್ದ. ಬದುಕಿರುವನೋ ಇಲ್ಲವೋ ಯಾರಿಗೂ ತಿಳಿಯದು.

ಆಗ ಮುಂದೆ ಬಂದ ಉಪಾಯ ಮೂರನೆಯವನಿಗೆ ಎಡೆಯಿಲ್ಲದ ಈ ವಾಹನದ್ದೇ. ಅಪಾಚೆಯ ಇಕ್ಕೆಲಗಳಲ್ಲಿ, ಆಯುಧಗಳನ್ನು ತೂಗುಹಾಕುವುದಕ್ಕಾಗಿ ಗಿಡ್ಡ ರೆಕ್ಕೆಗಳುಂಟು. ಎಲ್ಲಿಯಾದರೂ ಒಂದು ಹೆಲಿಕಾಪ್ಟರು ಕೆಳಗೆ ಬಿದ್ದರೆ, ಅದರ ಸಿಬ್ಬಂದಿಯವರು ಇನ್ನೊಂದರ ಹೊರಮೈಗೆ ತಮ್ಮನ್ನು ಪಟ್ಟಿಯಿಂದ ಬಿಗಿದುಕೊಂಡು ಪಾರಾಗಬಹುದೆಂಬ ತುರ್ತಿನ ಏರ್ಪಾಡು ಮೊದಲಿನಿಂದಲೂ ಇತ್ತು. ಅದು ಶತ್ರುವಿನಿಂದ ದೂರ ಹೋಗುವುದಕ್ಕೆ ಇದ್ದ ಏರ್ಪಾಡು. ಈ ನಾಲ್ವರು ಅದನ್ನು ಶತ್ರುವಿನ ಕಡೆಗೆ ಹೋಗುವುದಕ್ಕೆ ಬಳಸಿದರು! ಸ್ವಂತ ಇಚ್ಛೆಯಿಂದ ಮುಂದೆ ಬಂದವರು. ಹೆಲಿಕಾಪ್ಟರಿಗೆ ಇಬ್ಬರಂತೆ, ಎಡಕ್ಕೊಬ್ಬ ಬಲಕ್ಕೊಬ್ಬ. ಒಳಗಿನವರಿಗೆ ಕವಚ, ದಪ್ಪ ಗಾಜು. ಹೊರಗಿನವರಿಗೆ ರೆಕ್ಕೆಯ ಗಾಳಿ, ಯಂತ್ರದ ಆರ್ಭಟ ಮತ್ತು ಒಂದು ಪಟ್ಟಿ. ಇನ್ನೊಂದು ಅಪಾಚೆಯೂ ನೆಲದ ಪಡೆಗಳೂ ಗುಂಡಿನ ಮರೆಯನ್ನು ಒಡ್ಡಿದುವು. ಧೂಳಿನ ನಡುವೆ ಎರಡೂ ಹೆಲಿಕಾಪ್ಟರುಗಳು ಕೋಟೆಯ ಬಳಿ ಇಳಿದುವು. ಬಿದ್ದವನನ್ನು ಹೊರುವುದು ಸುಲಭವಾಗಲಿಲ್ಲ. ಹೆಲಿಕಾಪ್ಟರಿನವರೇ ಪೀಠ ಬಿಟ್ಟಿಳಿದು ಕೈ ಸೇರಿಸಬೇಕಾಯಿತು. ಕಾದಾಡಲು ಕಟ್ಟಿದ ಯಂತ್ರವು ಆ ಕೆಲವು ನಿಮಿಷ ರೆಕ್ಕೆ ತಿರುಗಿಸುತ್ತ ಸುಮ್ಮನೆ ಕಾಯುತ್ತಿತ್ತು.

ಹೋದವರೆಲ್ಲ ಹಿಂದಿರುಗಿದರು. ಅವರು ತಂದವನಲ್ಲಿ ಮಾತ್ರ ಪ್ರಾಣವಿರಲಿಲ್ಲ.

ನಾಲ್ವರ ಸಾಹಸವನ್ನು ಬ್ರಿಟನ್ನಿನ ಪತ್ರಿಕೆಗಳು ಆ ವಾರವೆಲ್ಲ ಕೊಂಡಾಡಿದುವು. ಸೇನೆಯ ವಿಚಾರಣೆ ಮುಗಿಯುವುದಕ್ಕೆ ಇನ್ನೂ ಕಾಲ ಹಿಡಿಯಿತು. ಆ ಸೈನಿಕನಿಗೆ ತಗುಲಿದ್ದು ಬಹುಶಃ ತನ್ನ ಕಡೆಯವರದೇ ಗುಂಡು ಎಂದು ಅದು ತಿಳಿಸಿತು.